ಚಿತ್ರಗುಪ್ತನ ಲೆಕ್ಕ, ಮನುಷ್ಯನ ಲೆಕ್ಕ

ಹುಟ್ಟಿದವನಿಗೆ ಮರಣ ತಪ್ಪದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಮರಣ ಬರುವುದಕ್ಕೆ ಮೊದಲೇ ಮರಣದ ದಾಖಲೆ ಬಂದುಬಿಟ್ಟರೆ ಮನುಷ್ಯನ ಗತಿಯೇನು? ಉಂಡು ಉಟ್ಟು ಹೆಂಡತಿ ಮಕ್ಕಳೊಡನೆ ನೆಮ್ಮದಿಯಿಂದಿರುವವನೊಬ್ಬನು ಮನೆ ಕೊಳ್ಳಲು ಸಾಲ ಕೇಳಹೋಗಿ, "ದಾಖಲೆಯ ಪ್ರಕಾರ ತಾವು ತೀರಿಕೊಂಡಿದ್ದೀರಿ" ಎಂಬ ಉತ್ತರವನ್ನು ಪಡೆದರೆ ಅವನು ನಗಬೇಕೋ ಅಳಬೇಕೋ? ಇದು ವಿನೋದಕ್ಕಾಗಿ ಕಟ್ಟಿದ ಕಥೆಯೆಂದು ತೋರಬಹುದು. ಆದರೆ ಇಂಥದು ನಡೆಯುತ್ತದೆ. ನಡೆದಾಗ ಒಂದು ಧರ್ಮಸೂಕ್ಷ್ಮವನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಬದುಕಿರುವವನು ತಾನು ಬದುಕಿದ್ದೇನೆಂದು ಸಾಬೀತುಪಡಿಸಬೇಕೇ? ಅಥವಾ ಸತ್ತಿದ್ದಾನೆಂದು ಬರೆದವನೇ ಅದಕ್ಕೆ ಉತ್ತರ ಹೇಳಬೇಕೇ?

ಇಂದು ಸಾಲ ಪಡೆದ ಪ್ರತಿಯೊಬ್ಬನ ಹೆಸರಿನಲ್ಲಿಯೂ ಕ್ರೆಡಿಟ್ ರಿಪೋರ್ಟ್ ಎಂಬ ಜಾತಕವೊಂದು ಸಿದ್ಧವಾಗಿರುತ್ತದೆ. ಯಾರು ಎಷ್ಟು ಸಾಲ ಪಡೆದರು, ಕಂತುಗಳನ್ನು ಹೊತ್ತಿಗೆ ಸರಿಯಾಗಿ ಕಟ್ಟಿದರೇ ಇಲ್ಲವೇ ಎಂಬ ವಿವರಗಳನ್ನು ಬ್ಯಾಂಕುಗಳು ಕಾಲಕಾಲಕ್ಕೆ ಇದಕ್ಕೆಂದೇ ಇರುವ ಸಂಸ್ಥೆಗಳಿಗೆ ಕಳುಹಿಸುತ್ತವೆ. ನಮ್ಮ ದೇಶದಲ್ಲಿ ಅಂತಹ ಮೊದಲ ಸಂಸ್ಥೆಯು ೨೦೦೦ದಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಇದಕ್ಕೆ ಸಂಬಂಧಿಸಿದ ಕಾನೂನು ೨೦೦೫ರಲ್ಲಿ ಬಂದಿತು. ಅಮೆರಿಕದಲ್ಲಿ ಈ ಪದ್ಧತಿ ಇನ್ನೂ ಹಳೆಯದು. ಅಲ್ಲಿ ಗಂಡಹೆಂಡಿರು ಜಂಟಿಯಾಗಿ ಪಡೆದ ಸಾಲದಲ್ಲಿ ಒಬ್ಬರು ತೀರಿಕೊಂಡರೆ, ಅವರ ಹೆಸರಿನ ಮುಂದೆ ಮರಣಸೂಚಕವಾದ ಒಂದೇ ಒಂದು ಅಕ್ಷರವನ್ನು ನಮೂದಿಸುತ್ತಾರೆ. ಕೈತಪ್ಪಿ ಆ ಅಕ್ಷರವು ಉಳಿದವರ ಹೆಸರಿನ ಮುಂದೆ ಬಿದ್ದರೆ, ಗಂಡನನ್ನು ಕಳೆದುಕೊಂಡ ಹೆಂಗಸು ತಾನೂ ಸತ್ತವಳಾಗಿಬಿಡುತ್ತಾಳೆ. ಸತ್ತವರಿಗೆ ಸಾಲ ಕೊಡುವವರು ಯಾರು? ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆಗೂ ವರ್ಷಕ್ಕೆ ಲಕ್ಷಾಂತರ ಮರಣವಾರ್ತೆಗಳು ಬರುತ್ತವೆ. ಅವುಗಳಲ್ಲಿ ತಪ್ಪಾದವು ಮುನ್ನೂರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಇಲಾಖೆಯು ೨೦೨೫ರಲ್ಲಿ ಹೇಳಿಕೊಂಡಿತು. ಲೆಕ್ಕ ಬರೆಯುವವನಿಗೆ ಇದು ಅಲ್ಪವೆಂದೇ ತೋರುತ್ತದೆ. ಆದರೆ ಮುನ್ನೂರರಲ್ಲಿ ಆ ಒಬ್ಬನಾದವನಿಗೆ ಪಿಂಚಣಿ ನಿಂತುಹೋಗಬಹುದು, ಬ್ಯಾಂಕಿನ ಬಾಗಿಲು ಮುಚ್ಚಬಹುದು. ಅವನ ಪಾಲಿಗೆ ತಪ್ಪು ನೂರಕ್ಕೆ ನೂರು.

ಅಮೆರಿಕದವರೆಗೆ ಹೋಗಬೇಕಾದುದೂ ಇಲ್ಲ. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿಯ ವೃತ್ತಾಂತವನ್ನು ಅನೇಕರು ಕೇಳಿರಬಹುದು. ಆತನು ಮಗ್ಗದ ಕಸುಬಿಗಾಗಿ ಸಾಲ ಪಡೆಯಬೇಕೆಂದು ಕಂದಾಯ ಕಚೇರಿಗೆ ಕಾಗದಪತ್ರ ಕೇಳಲು ಹೋದಾಗ, ತಾನು ಸತ್ತುಹೋಗಿರುವುದಾಗಿ ತಿಳಿಯಿತು. ಒಂದು ಎಕರೆಯಷ್ಟೂ ಇಲ್ಲದ ಭೂಮಿಗಾಗಿ ದಾಯಾದಿಗಳು ಮಾಡಿಸಿದ ಕೆಲಸವದು. ಆತನು ತನ್ನ ಹೆಸರಿನೊಡನೆ 'ಮೃತಕ' ಎಂದು ಸೇರಿಸಿಕೊಂಡನು. ತನ್ನಂತೆಯೇ ಕಾಗದದಲ್ಲಿ ಸತ್ತವರನ್ನು ಕೂಡಿಸಿ ಸಂಘ ಕಟ್ಟಿದನು. ಸತ್ತವನ ಹೆಸರು ಯಾವುದಾದರೊಂದು ಸರ್ಕಾರಿ ಕಡತದಲ್ಲಿ ಜೀವಂತವಾಗಿ ಮೂಡಲೆಂದು ೧೯೮೯ರಲ್ಲಿ ಅಮೇಠಿಯಲ್ಲಿ ರಾಜೀವ್ ಗಾಂಧಿಯವರ ಎದುರಿಗೆ ಚುನಾವಣೆಗೂ ನಿಂತನು. ೧೯೯೪ರಲ್ಲಿ ದಾಖಲೆ ತಿದ್ದಲ್ಪಟ್ಟಿತು. ಹದಿನೆಂಟು ವರ್ಷಗಳಷ್ಟು ಕಾಲ ಒಬ್ಬ ಮನುಷ್ಯನು ಕಚೇರಿಯಿಂದ ಕಚೇರಿಗೆ ತನ್ನ ದೇಹವನ್ನೇ ಸಾಕ್ಷಿಯಾಗಿ ಹೊತ್ತು ತಿರುಗಿದನು. ಅದನ್ನು ಕಣ್ಣಿನಿಂದ ಕಂಡವರೂ ಕಾಗದವನ್ನೇ ನಂಬಿದರು.

ದಾಯಾದಿಗಳ ಈ ಬಗೆ ಹೊಸದಲ್ಲ. ವಾರಣಾವತದ ಅರಗಿನ ಮನೆ ಉರಿದುಹೋದಾಗ ಕುಂತಿಯೂ ಪಾಂಡವರೂ ಸತ್ತರೆಂದು ಲೋಕವೆಲ್ಲ ನಂಬಿತು. ಧೃತರಾಷ್ಟ್ರನು ಬದುಕಿದ್ದ ತಮ್ಮನ ಮಕ್ಕಳಿಗೆ ಶಾಸ್ತ್ರೋಕ್ತವಾಗಿ ತರ್ಪಣವನ್ನೂ ಕೊಟ್ಟನು. ಅತ್ತ ಅವರು ಏಕಚಕ್ರದಲ್ಲಿ ಭಿಕ್ಷಾನ್ನದಿಂದ ದಿನ ಕಳೆಯುತ್ತಿದ್ದರು. ದ್ರೌಪದಿಯ ಸ್ವಯಂವರದಲ್ಲಿ ಗುರುತು ಸಿಕ್ಕ ಮೇಲೆಯೇ ಅವರಿಗೆ ಅರ್ಧ ರಾಜ್ಯ ದೊರೆತದ್ದು. ಈ ಕಥೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಸಂಗತಿಯಿದೆ. ಅರಗಿನ ಮನೆಯಲ್ಲಿ ನಿಜವಾಗಿ ಬೆಂದುಹೋದವರು, ಅಂದು ಊಟಕ್ಕೆಂದು ಬಂದು ಅಲ್ಲಿಯೇ ಮಲಗಿದ್ದ ಒಬ್ಬ ಬೇಡಿತಿ ಮತ್ತು ಅವಳ ಐವರು ಮಕ್ಕಳು. ಅವರ ಹೆಸರನ್ನು ಹಿಡಿದು ತರ್ಪಣ ಬಿಟ್ಟವರಾರು? ಇದ್ದವರನ್ನು ಸತ್ತವರೆಂದು ಬರೆದ ಅದೇ ಲೆಕ್ಕವು, ಸತ್ತವರನ್ನು ಇದ್ದವರೆಂದೂ ಬರೆಯಲಿಲ್ಲ, ಸತ್ತವರೆಂದೂ ಬರೆಯಲಿಲ್ಲ. ಅರಸುಮಕ್ಕಳ ವಿಷಯದಲ್ಲಿ ಆದ ತಪ್ಪು ತಿದ್ದಲ್ಪಟ್ಟಿತು. ದಿಕ್ಕಿಲ್ಲದವರ ವಿಷಯದಲ್ಲಿ ತಪ್ಪಾಗಿದೆಯೆಂಬುದೇ ಯಾರಿಗೂ ತೋರಲಿಲ್ಲ. ಇಂದಿಗೂ ಹಾಗೆಯೇ. ಓದುಬರಹ ಬಲ್ಲವನು ಅರ್ಜಿಯ ಮೇಲೆ ಅರ್ಜಿ ಬರೆದು ತನ್ನ ಹೆಸರನ್ನು ಬದುಕಿಸಿಕೊಳ್ಳುತ್ತಾನೆ. ಅರ್ಜಿ ಬರೆಯಲಾರದ ಮುದುಕಿಯು ಕಿಟಕಿಯಿಂದ ಹಿಂದಿರುಗಿ ಹಣೆಬರಹವೆಂದು ಸುಮ್ಮನಾಗುತ್ತಾಳೆ.

ಇಲ್ಲಿ ವೇದಾಂತಿಯೊಬ್ಬನು ಕೇಳಬಹುದು: ದೇಹವೇ ನಶ್ವರವೆಂದ ಮೇಲೆ ದೇಹದ ಮೇಲಿನ ಹೆಸರು, ಹೆಸರಿನ ಮೇಲಿನ ಕಾಗದ, ಇವುಗಳಿಗಾಗಿ ಇಷ್ಟು ಪರಿತಾಪವೇಕೆ? ಆತ್ಮಕ್ಕೆ ಹುಟ್ಟಿಲ್ಲ, ಸಾವಿಲ್ಲ. ಮಾತು ನಿಜ. ಆದರೆ ವೈರಾಗ್ಯವು ಮನುಷ್ಯನು ತನಗೆ ತಾನು ಹೇಳಿಕೊಳ್ಳಬೇಕಾದ ಮಾತು. ತಾನು ಕಸಿದುಕೊಂಡ ಅನ್ನದ ವಿಷಯದಲ್ಲಿ, ಹಸಿದವನಿಗೆ ಅದನ್ನು ಉಪದೇಶಿಸಿದರೆ ಅದು ಅಧರ್ಮ. ಹೆಸರು ಮಿಥ್ಯೆಯೇ ಇರಬಹುದು. ಆ ಹೆಸರಿಗೆ ಬರುವ ಪಿಂಚಣಿಯಿಂದ ಬೇಯುವ ಅನ್ನವು ವ್ಯವಹಾರದಲ್ಲಿ ಸತ್ಯವೇ.

ತಪ್ಪು ಮಾಡದ ಕೈಯಿಲ್ಲ. ಸಾವಿರಾರು ಹೆಸರುಗಳನ್ನು ಬರೆಯುವವನು ಎಂದಾದರೊಮ್ಮೆ ಒಂದು ಗೆರೆ ತಪ್ಪಿ ಬರೆಯುವನು, ಅದು ಪಾಪವೆನ್ನಲಾಗದು. ತಪ್ಪನ್ನು ತೋರಿಸಿದಾಗ ಏನು ಮಾಡುವನೆಂಬುದರಲ್ಲಿ ಅವನ ಧರ್ಮದ ಪರೀಕ್ಷೆಯಿದೆ. ಇದಕ್ಕೆ ಭಾಗವತದ ಆರನೆಯ ಸ್ಕಂಧದಲ್ಲಿ ಬರುವ ಅಜಾಮಿಳನ ಕಥೆಯು ಅಪೂರ್ವವಾದ ನಿದರ್ಶನ. ಸಾಯುವ ಹೊತ್ತಿನಲ್ಲಿ ಅಜಾಮಿಳನು ಕಿರಿಯ ಮಗನನ್ನು "ನಾರಾಯಣಾ" ಎಂದು ಕರೆದುದೂ, ಪಾಶ ಹಾಕಿ ಎಳೆಯುತ್ತಿದ್ದ ಯಮದೂತರನ್ನು ವಿಷ್ಣುದೂತರು ತಡೆದುದೂ ಎಲ್ಲರಿಗೂ ತಿಳಿದದ್ದೇ. ಹರಿದಾಸರು ಹೇಳುವ ಕಥೆ ನಾಮಮಹಿಮೆಯಲ್ಲಿಯೇ ಮುಗಿಯುತ್ತದೆ. ಆದರೆ ಮುಂದೆ ನಡೆದುದು ಇನ್ನೂ ಮನನೀಯ. ಬರಿಗೈಯಲ್ಲಿ ಹಿಂದಿರುಗಿದ ದೂತರು ಯಮಧರ್ಮನಿಗೆ ದೂರು ಹೇಳುತ್ತಾರೆ. ಯಮನು ತನ್ನ ಅಧಿಕಾರಕ್ಕೆ ಭಂಗ ಬಂದಿತೆಂದು ಸಿಡುಕುವುದಿಲ್ಲ. ಅಜಾಮಿಳನು ಬಂದು ತನ್ನ ಪಕ್ಷವನ್ನು ಸಾಧಿಸಲಿ ಎನ್ನುವುದಿಲ್ಲ. ತನ್ನ ಸೇವಕರು ಮಾಡಿದುದು ತನ್ನದೇ ಅಪರಾಧವೆಂದು ತಲೆಯ ಮೇಲೆ ಹೊತ್ತು ನಾರಾಯಣನಲ್ಲಿ ಕ್ಷಮೆ ಬೇಡುತ್ತಾನೆ. ಭಕ್ತರ ಬಳಿಗೆ ಇನ್ನು ಹೋಗಕೂಡದೆಂದು ದೂತರಿಗೆ ಬುದ್ಧಿ ಹೇಳುತ್ತಾನೆ. ಚಿತ್ರಗುಪ್ತನಂಥ ಲೆಕ್ಕಿಗನಿರುವ ಕಚೇರಿಯ ಒಡೆಯನೇ ಕ್ಷಮೆ ಕೇಳಿದ ಮೇಲೆ, ಮನುಷ್ಯರ ಕಚೇರಿಗೆ ಯಾವ ಸಂಕೋಚ?

ನಮ್ಮ ಕಾನೂನು ಕೂಡ ನಿಧಾನವಾಗಿ ಆ ದಾರಿಯನ್ನೇ ಹಿಡಿಯುತ್ತಿದೆ. ಕ್ರೆಡಿಟ್ ರಿಪೋರ್ಟಿನಲ್ಲಿ ತಪ್ಪಿದೆಯೆಂದು ದೂರು ಬಂದು ಮೂವತ್ತು ದಿನಗಳೊಳಗೆ ಅದು ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ ದೂರುದಾರನಿಗೆ ನೂರು ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು ೨೦೨೩ರಲ್ಲಿ ಆದೇಶಿಸಿತು. ೨೦೨೪ರ ಏಪ್ರಿಲಿನಿಂದ ಅದು ಜಾರಿಗೆ ಬಂದಿತು. ನೂರು ರೂಪಾಯಿ ದೊಡ್ಡ ಮೊತ್ತವೇನಲ್ಲ. ಆದರೆ ತಡಮಾಡಿದವನೇ ತೆರಬೇಕೆಂಬ ನ್ಯಾಯ ಅದರಲ್ಲಿ ಅಡಗಿದೆ.

ಲೆಕ್ಕ ಬರೆಯುವವರು ಕಚೇರಿಗಳಲ್ಲಿ ಮಾತ್ರ ಇರುವರೇ? ಊರು ಬಿಟ್ಟು ಮಹಾನಗರಗಳಿಗೆ ಬಂದು ನೆಲೆಸಿದ ಪ್ರತಿಯೊಬ್ಬನ ಎದೆಯಲ್ಲಿಯೂ ಒಂದು ಖಾತೆ ಪುಸ್ತಕವಿದೆ. ಊರಿನಲ್ಲಿ ಇನ್ನೂ ಉಸಿರಾಡುತ್ತಿರುವ ಸೋದರತ್ತೆ, ಮಾತು ಬಿಟ್ಟ ಅಣ್ಣ, ಒಂದು ಕಾಲದಲ್ಲಿ ಅಕ್ಷರ ಕಲಿಸಿದ ಮೇಷ್ಟರು, ಇವರಲ್ಲಿ ಎಷ್ಟು ಮಂದಿಯ ಹೆಸರಿನ ಮುಂದೆ ಆ ಒಂದು ಅಕ್ಷರ ಬಿದ್ದುಹೋಗಿದೆಯೋ! ಪಿಂಚಣಿದಾರರು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡುತ್ತಾರೆ. ಇವರಾದರೋ ಯಾವ ಕಿಟಕಿಗೆ ಅದನ್ನು ಕೊಡಬೇಕು?

ಮಹಾನವಮಿಯಂದು ಆಯುಧಗಳೊಡನೆ ಲೆಕ್ಕದ ಪುಸ್ತಕಕ್ಕೂ ಲೇಖನಿಗೂ ಅರಿಸಿನ ಕುಂಕುಮವಿಟ್ಟು ಪೂಜಿಸುವ ಸಂಪ್ರದಾಯವಿದೆ. ಲೇಖನಿಯೂ ಆಯುಧವೇ, ಗಾಯ ಮಾಡಬಲ್ಲದು ಎಂಬ ಎಚ್ಚರಿಕೆ ಆ ಪೂಜೆಯಲ್ಲಿದೆ. ಮರುದಿನ ವಿಜಯದಶಮಿ. ಒಮ್ಮೆ ಸತ್ತವರೆಂದು ಎಣಿಸಲ್ಪಟ್ಟಿದ್ದ ಆ ಪಾಂಡವರೇ ಅಜ್ಞಾತವಾಸವನ್ನು ಮುಗಿಸಿ ಬನ್ನಿಯ ಮರದಿಂದ ಆಯುಧಗಳನ್ನು ಇಳಿಸಿಕೊಂಡರೆಂದು ನೆನೆಯುವ ದಿನ. ಅಂದು ಬನ್ನಿಯ ಎಲೆಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಬನ್ನಿ ಕೊಡಬೇಕಾದರೆ ಎದುರಿಗೆ ಹೋಗಿ ನಿಂತು ಮುಖ ನೋಡಬೇಕು. ಇದ್ದಾರೋ ಇಲ್ಲವೋ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಈ ದಸರೆಯಲ್ಲಿ ಅಂತಹ ಒಂದು ಬಾಗಿಲನ್ನಾದರೂ ತಟ್ಟುವ ಬುದ್ಧಿಯನ್ನು ತಾಯಿ ಚಾಮುಂಡೇಶ್ವರಿಯು ಎಲ್ಲರಿಗೂ ಕರುಣಿಸಲಿ.