ಮಾಲೀಕನ ಸಹಿ ಎರಡನೆಯದು

ಕಾರ್ಮಿಕರ ಸಂಘಕ್ಕೆ ಮಾಲೀಕ ಸೇರುವುದುಂಟೆ? ನಮ್ಮಲ್ಲಿ ಹೀಗೆ ಕೇಳಿದರೆ ಜನ ನಕ್ಕಾರು. ಗೇಟಿನ ಹೊರಗೆ ಕೆಂಪು ಬಾವುಟ, ಒಳಗೆ ಮ್ಯಾನೇಜ್‌ಮೆಂಟು, ಸಂಘವೆಂದರೆ ನಮ್ಮ ಕಣ್ಣಿಗೆ ಬರುವುದು ಇಷ್ಟೇ. ಅಮೆರಿಕದ ಕಟ್ಟಡ ಉದ್ಯಮದಲ್ಲಿ ಮಾತ್ರ ಈ ಪ್ರಶ್ನೆ ಮಾಮೂಲು. ಐದಾರು ಜನರನ್ನಿಟ್ಟುಕೊಂಡು ಪ್ಲಂಬಿಂಗೋ ವೈರಿಂಗೋ ಮಾಡಿಸುವ ಸಣ್ಣ ಕಂಪನಿಯವನು ಒಂದಲ್ಲ ಒಂದು ದಿನ ತನ್ನದನ್ನು ‘ಯೂನಿಯನ್ ಕಂಪನಿ’ ಮಾಡಿಕೊಳ್ಳಲೋ ಬೇಡವೋ ಎಂದು ತಲೆ ಕೆರೆದುಕೊಳ್ಳುತ್ತಾನೆ. ಅದಕ್ಕಾಗಿ ಅವನೇನೂ ಸದಸ್ಯನಾಗಬೇಕಿಲ್ಲ. ಒಪ್ಪಂದದ ಕೂಲಿ, ಸೌಲಭ್ಯ, ನಿಯಮಗಳಿಗೆ ಬದ್ಧನೆಂದು ಸಹಿ ಹಾಕಿದರಾಯಿತು.

ಇದರಲ್ಲೊಂದು ವಿಚಿತ್ರವಿದೆ. ಸಂಘದೊಳಗೆ ಮಾಲೀಕ ಕೈಯಾಡಿಸಕೂಡದು ಎಂದು 1935ರ ವ್ಯಾಗ್ನರ್ ಕಾಯ್ದೆ ವಿಧಿಸಿತು. ಧಣಿಗಳೇ ಕಟ್ಟಿ ಸಾಕುತ್ತಿದ್ದ ಸಂಘಗಳ ಹಾವಳಿಯನ್ನು ಕಂಡು ಮಾಡಿದ ನಿಯಮ ಅದು. ಆದರೆ 1959ರಲ್ಲಿ ಕಟ್ಟಡ ಉದ್ಯಮಕ್ಕೆ ಒಂದು ವಿನಾಯಿತಿ ಸಿಕ್ಕಿತು: ಇಲ್ಲಿ ಒಬ್ಬ ಕೆಲಸಗಾರನನ್ನೂ ತೆಗೆದುಕೊಳ್ಳುವ ಮೊದಲೇ ಮಾಲೀಕ ಸಂಘದೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಕಟ್ಟಡದ ಕೆಲಸ ಕೆಲವೇ ತಿಂಗಳಿನದು, ಸಂಘ ಬೇಕೇ ಎಂದು ಕೆಲಸಗಾರರ ಮತದಾನ ಮುಗಿಯುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ. ಟೆಂಡರ್ ಹಾಕುವವನಿಗೂ ಕೂಲಿ ಎಷ್ಟೆಂದು ಮೊದಲೇ ಗೊತ್ತಿರಬೇಕು. ವ್ಯವಹಾರಕ್ಕೆ ಇದು ಸರಿಯೇ. ಆದರೆ ಕೆಲಸಗಾರರ ಪರವಾಗಿ ಯಾರು ಮಾತಾಡಬೇಕೆಂದು ಮಾಲೀಕನೇ ಗೊತ್ತುಮಾಡಿದ ಹಾಗಾಯಿತಲ್ಲ? ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಲೆಕ್ಕ ನೋಡೋಣ, ಮಾಲೀಕ ಮೊದಲು ನೋಡುವುದೂ ಅದನ್ನೇ. ಸಹಿ ಹಾಕಿದವನು ಪ್ರತಿ ತಿಂಗಳು ಒಂದು ವರದಿ ತುಂಬಬೇಕು. ಎಡಗಡೆ ಕೆಲಸಗಾರರ ಹೆಸರು, ಪಕ್ಕದಲ್ಲಿ ದುಡಿದ ಗಂಟೆಗಳು, ಅದರ ಪಕ್ಕದಲ್ಲಿ ಆರೋಗ್ಯ ನಿಧಿಗೆ ಗಂಟೆಗಿಷ್ಟು, ಪಿಂಚಣಿಗಿಷ್ಟು, ಅಪ್ರೆಂಟಿಸ್ ತರಬೇತಿಗಿಷ್ಟು. ಕೂಲಿಯ ಮೇಲೆ ಕಟ್ಟಬೇಕಾದ ಹಣ ಇದು. ಕೆಲಸ ಕೊಟ್ಟ ದೊಡ್ಡ ಕಂಟ್ರ್ಯಾಕ್ಟರ್ ಎರಡು ಮೂರು ತಿಂಗಳು ಬಿಲ್ಲನ್ನು ತಳ್ಳುತ್ತಾನೆ, ನಿಧಿಯವರು ಮಾತ್ರ ತಿಂಗಳು ತಪ್ಪಿದರೆ ಬಡ್ಡಿ ಸೇರಿಸುತ್ತಾರೆ. ಸಣ್ಣ ಕಂಪನಿ ಉಸಿರುಗಟ್ಟುವುದು ಕೂಲಿಯ ದರಕ್ಕಿಂತ ಹೆಚ್ಚಾಗಿ ಈ ನಡುವಿನ ಅವಧಿಯಲ್ಲಿ. ಬಂದ ದಾರಿಯಲ್ಲಿ ಸಲೀಸಾಗಿ ಹೊರಗೆ ಹೋಗುವ ಹಾಗೂ ಇಲ್ಲ. 1980ರ ಕಾಯ್ದೆಯ ಪ್ರಕಾರ, ಒಪ್ಪಂದ ಬಿಟ್ಟ ಕಟ್ಟಡ ಕಂಪನಿ ಅದೇ ಪ್ರದೇಶದಲ್ಲಿ ಅದೇ ಕೆಲಸವನ್ನು ಸಂಘವಿಲ್ಲದೆ ಮುಂದುವರಿಸಿದರೆ, ಅಥವಾ ಐದು ವರ್ಷದೊಳಗೆ ಮತ್ತೆ ಶುರುಮಾಡಿದರೆ, ಪಿಂಚಣಿ ನಿಧಿಯ ಕೊರತೆಯಲ್ಲಿ ತನ್ನ ಪಾಲು ತೆರಬೇಕಾಗಬಹುದು.

ಲಾಭವೂ ಇದೆ. ನಾಳೆ ನಾಲ್ಕು ಜನ ಬೇಕೆಂದರೆ ಸಂಘದ ಕಚೇರಿಗೆ ಒಂದು ಫೋನ್ ಮಾಡಿದರೆ ಸಾಕು, ನಾಲ್ಕೈದು ವರ್ಷ ಕೆಲಸ ಕಲಿತು ಪಳಗಿದವರು ಬರುತ್ತಾರೆ. ಕೆಲಸ ಮುಗಿದ ಮೇಲೆ ಅವರು ಮತ್ತೆ ಅಲ್ಲಿಯ ಪಟ್ಟಿಗೆ ಹೋಗುತ್ತಾರೆ. ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ 1931ರ ಡೇವಿಸ್–ಬೇಕನ್ ಕಾಯ್ದೆಯಂತೆ ಎಲ್ಲರೂ ಸ್ಥಳೀಯವಾಗಿ ಚಾಲ್ತಿಯಲ್ಲಿರುವ ಕೂಲಿಯನ್ನೇ ಕೊಡಬೇಕಾದ್ದರಿಂದ, ಕೂಲಿ ಕಡಿತ ಮಾಡಿ ಟೆಂಡರ್ ಗೆಲ್ಲುವ ಆಟ ಅಲ್ಲಿ ನಡೆಯುವುದಿಲ್ಲ. ಮನೆಮನೆಯ ನಲ್ಲಿ ರಿಪೇರಿ ಮಾಡುವವನಿಗೆ ಇದರಿಂದ ಏನೂ ಪ್ರಯೋಜನವಿಲ್ಲ, ಆ ಮಾತು ಬೇರೆ.

ಈ ಲೆಕ್ಕದ ತಳದಲ್ಲಿ ಇನ್ನೊಂದು ಲೆಕ್ಕವಿದೆ. ಸಣ್ಣ ಮಾಲೀಕನಿಗೆ ಸಂಘ ಕೊಡಬಲ್ಲ ದೊಡ್ಡ ಅನುಕೂಲವೆಂದರೆ, ಪಕ್ಕದ ಕಂಪನಿಯವನೂ ಅದೇ ಕೂಲಿ ಕೊಡಬೇಕಾಗುವುದು. ಆಗ ಪೈಪೋಟಿ ನಡೆಯುವುದು ಕಸುಬಿನಲ್ಲಿ, ಯಾರು ಆಳಿಗೆ ಎಷ್ಟು ಕಡಿಮೆ ಕೊಟ್ಟರೆಂಬುದರಲ್ಲಲ್ಲ. ಆದರೆ ಊರಿನ ಬಹುಪಾಲು ಕಂಪನಿಗಳು ಸೇರಿದ್ದರೆ ಮಾತ್ರ ಈ ಮಾತು ನಿಜ. ಇವತ್ತು ಅಮೆರಿಕದ ಕಟ್ಟಡ ಕೆಲಸಗಾರರಲ್ಲಿ ಸಂಘದ ಸದಸ್ಯರು ಹೆಚ್ಚುಕಡಿಮೆ ಹತ್ತಕ್ಕೊಬ್ಬರು. ಮೊದಲು ಸೇರಿದವನು ನಷ್ಟ ಹೊರುತ್ತಾನೆ, ಕೊನೆಗೆ ಸೇರಿದವನಿಗೆ ಲಾಭ. ಹೀಗಿರುವಾಗ ಯಾರು ಮೊದಲು ಕಾಲಿಡುತ್ತಾರೆ? ಒಬ್ಬೊಬ್ಬರೇ ಚೌಕಾಸಿ ಮಾಡಿದರೆ ಸೋಲುತ್ತೇವೆಂಬ ಕಾರ್ಮಿಕರ ಹಳೆಯ ಸಂಕಟವೇ ಇಲ್ಲಿ ಸಣ್ಣ ಧಣಿಯ ಹೆಗಲಿಗೂ ಬಂದಿದೆ. ಧಣಿಗಳು ಕೂಲಿ ಏರಿಸಬಾರದೆಂದು ಎಲ್ಲೆಲ್ಲೂ ಸದ್ದಿಲ್ಲದೆ ಒಂದಾಗಿರುತ್ತಾರೆ ಎಂದು 1776ರಲ್ಲೇ ಆಡಂ ಸ್ಮಿತ್ ಬರೆದಿದ್ದ. ಆರು ಜನರ ಕಂಪನಿಯವನಿಗೆ ಆ ಒಗ್ಗಟ್ಟಿನಲ್ಲಿಯೂ ಕೂರಲು ಜಾಗವಿಲ್ಲ. ಅವನ ದರವನ್ನು ಮೇಲಿನ ಕಂಟ್ರ್ಯಾಕ್ಟರೇ ಗೊತ್ತುಮಾಡುತ್ತಾನೆ.

ಇಷ್ಟಾದರೂ ಸಣ್ಣ ಮಾಲೀಕರು ಸಾಮಾನ್ಯವಾಗಿ ಹೇಳುವ ಒಂದು ಮಾತನ್ನು ನಾನು ಒಪ್ಪಲಾರೆ: ‘ನಾವೆಲ್ಲ ಮನೆಯವರ ಥರ ಇದ್ದೇವೆ, ನಮ್ಮ ನಡುವೆ ಸಂಘ ಯಾಕೆ?’ ಅಕ್ಕರೆ ಸುಳ್ಳಲ್ಲ. ಹುಡುಗನ ಮದುವೆಗೆ ಸಾಲ ಕೊಟ್ಟವನು, ಕೈ ಮುರಿದಾಗ ಆಸ್ಪತ್ರೆಗೆ ಓಡಿದವನು ಅವನೇ ಇರಬಹುದು. ಆದರೆ ಕೆಲಸ ಕಡಿಮೆಯಾಯಿತೆಂದು ಮಗನನ್ನು ಯಾರೂ ಮನೆಯಿಂದ ತೆಗೆದುಹಾಕುವುದಿಲ್ಲ. ಇಲ್ಲಿ ತೆಗೆದುಹಾಕುತ್ತಾರೆ, ಕೆಲವೊಮ್ಮೆ ತೆಗೆಯಲೇಬೇಕಾಗುತ್ತದೆ. ಧಣಿಯ ಒಳ್ಳೆಯತನ ಧಣಿ ಇರುವಷ್ಟು ದಿನದ್ದು. ಅಂಗಡಿ ಅವನ ಅಳಿಯನ ಕೈಗೆ ಹೋದರೆ ಆಳಿನ ಕೈಯಲ್ಲಿ ಏನು ಉಳಿಯುತ್ತದೆ?

ಬೆಂಗಳೂರಿನ ಮೇಸ್ತ್ರಿಗಳನ್ನು ನೋಡಿದವರಿಗೆ ಇದು ಗೊತ್ತು. ಶನಿವಾರದ ಬಟವಾಡೆ, ಊರಿಗೆ ಹೋಗುವಾಗ ಕೈಗೊಂದಿಷ್ಟು ಅಡ್ವಾನ್ಸು, ಸಿಟ್ಟು ಬಂದರೆ ಬೈಗುಳ, ಎಲ್ಲವೂ ಅವನದೇ. ಮೇಸ್ತ್ರಿ ಬದಲಾದ ದಿನ ಹಳೆಯ ನಂಬಿಕೆಯೆಲ್ಲ ಸೊನ್ನೆಯಿಂದ ಶುರು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಗಳು ಈ ಕೊರತೆಯನ್ನು ಸ್ವಲ್ಪ ತುಂಬಿದವು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ಕಲ್ಯಾಣ ಮಂಡಳಿಗೆ ಹೋಗುತ್ತದೆ, ಹನ್ನೆರಡು ತಿಂಗಳಲ್ಲಿ 90 ದಿನ ದುಡಿದವನು ಲೇಬರ್ ಕಾರ್ಡ್ ಪಡೆಯಬಹುದು. ಮೇಸ್ತ್ರಿ ಹತ್ತು ಸಲ ಬದಲಾದರೂ ಆ ಕಾರ್ಡು ಕೆಲಸಗಾರನದೇ. ಕೆಲಸ ಮಾಡದವರ ಹೆಸರಿನಲ್ಲೂ ಕಾರ್ಡುಗಳಾದ ದೂರುಗಳಿವೆ, ನಿಜ. ಹಾಗೆಂದು ತತ್ವವೇ ತಪ್ಪೆನ್ನಲಾಗದು. ಅಮೆರಿಕದ ಸಂಘದ ಪಿಂಚಣಿ ನಿಧಿಯೂ ಇದೇ ತತ್ವದ್ದು. ಪ್ಲಂಬರ್ ಒಂದು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದರೂ, ಆ ನಾಲ್ಕೂ ಒಪ್ಪಂದಕ್ಕೆ ಸೇರಿದವಾದರೆ, ಅವನ ಗಂಟೆಗಳು ಒಂದೇ ಖಾತೆಗೆ ಜಮೆಯಾಗುತ್ತವೆ. ಕೆಲಸವೇ ಅಸ್ಥಿರವಾದ ಕಸುಬಿನಲ್ಲಿ ಭದ್ರತೆಯನ್ನು ಮಾಲೀಕನ ಬಾಗಿಲಿಗೆ ಕಟ್ಟಿಹಾಕಬಾರದು. ಸಂಘದ ಪರವಾಗಿ ನನಗೆ ಕಾಣುವ ಗಟ್ಟಿ ವಾದ ಇದೊಂದೇ. ಯಾವ ಕೆಲಸ ಯಾರದ್ದೆಂಬ ಸಂಘಗಳ ನಡುವಿನ ಗಡಿ ಜಗಳವನ್ನಾಗಲಿ, ಬೇಡದ ಆಳನ್ನು ತಲೆಗೆ ಕಟ್ಟುವುದನ್ನಾಗಲಿ ನಾನು ಸಮರ್ಥಿಸುವುದಿಲ್ಲ.

ಈ ವಾದ ಒಪ್ಪಿದ ಮಾಲೀಕ ನಾಳೆಯೇ ಹೋಗಿ ಸಹಿ ಹಾಕಿ ಬರಬೇಕೆ? ಬೇಡ. ಇನ್ನೊಬ್ಬರ ಪರವಾಗಿ ಸಂಘ ಸೇರುವುದು, ಎಷ್ಟೇ ಸದುದ್ದೇಶದ್ದಾಗಲಿ, ಯಜಮಾನಿಕೆಯೇ. ಹೊಸದಾಗಿ ಶುರುವಾಗಿ ಇನ್ನೂ ಆಳುಗಳೇ ಇಲ್ಲದ ಕಂಪನಿಗೆ 1959ರ ವಿನಾಯಿತಿ ಒಪ್ಪುತ್ತದೆ. ವರ್ಷಗಳಿಂದ ಅದೇ ಆರು ಜನ ದುಡಿಯುತ್ತಿರುವ ಕಡೆ ಒಪ್ಪುವುದಿಲ್ಲ. ಅಂಥಲ್ಲಿ ಶೇಕಡಾ 30ರಷ್ಟು ಮಂದಿ ಸಹಿ ಹಾಕಿ ಕೇಳಿದರೆ ಅಮೆರಿಕದ ಕಾರ್ಮಿಕ ಸಂಬಂಧಗಳ ಮಂಡಳಿ ಗುಪ್ತ ಮತದಾನ ನಡೆಸುತ್ತದೆ; ಆರರಲ್ಲಿ ಇಬ್ಬರು ಮುಂದಾದರೆ ಸಾಕು.

ಆದ್ದರಿಂದ ಇಂಥ ಕಂಪನಿ ನಡೆಸುತ್ತಿರುವ ಕನ್ನಡಿಗರು ಯಾರಾದರೂ ಅಲ್ಲಿದ್ದರೆ ಅವರಲ್ಲಿ ಕೇಳಿಕೊಳ್ಳುವುದಿಷ್ಟು. ಒಪ್ಪಂದದಿಂದ ಹೊರಬರುವ ಷರತ್ತುಗಳನ್ನು ವಕೀಲರಿಂದ ಓದಿಸಿಕೊಳ್ಳಿ. ಕೆಲಸದವರು ಸಂಘದ ಮಾತೆತ್ತಿದರೆ ಮುಖ ಸಿಂಡರಿಸಬೇಡಿ, ಮನವೊಲಿಸಲೂ ಹೋಗಬೇಡಿ. ಅವರು ಬೇಕೆಂದು ಮತ ಹಾಕಿದರೆ ತಕರಾರಿಲ್ಲದೆ ಮಾತುಕತೆಗೆ ಕುಳಿತುಕೊಳ್ಳಿ.