ಹತ್ತನೆಯವನು

‘ದೇವರು ಮನಸ್ಸಿನಲ್ಲಿದ್ದರೆ ಸಾಲದೆ? ನಾಲ್ಕು ಜನರ ನಡುವೆ ಕೂತೇ ಕೈಮುಗಿಯಬೇಕೆ?’ ಎಂದು ಕೇಳುವವರ ಗುಂಪಿಗೆ ಸೇರಿದವನು ನಾನು. ಮಂಡ್ಯದಲ್ಲಿ ಹುಡುಗರಿಗೆ ಕನ್ನಡ ಪಾಠ ಹೇಳುವ ನನಗೆ ಈ ಮಾತು ಬಲು ಜಾಣತನದ್ದಾಗಿಯೇ ಕಂಡಿತ್ತು. ಮೊನ್ನೆ ಬೆಂಗಳೂರಿಗೆ ಹೋದಾಗ ಆ ಜಾಣತನಕ್ಕೆ ಪೆಟ್ಟು ಬಿತ್ತು.

ಅಲ್ಲಿಯ ಮಾಗಡಿ ರಸ್ತೆಯಲ್ಲಿ ಯೆಹೂದ್ಯರ ಸ್ಮಶಾನವೊಂದಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟ ನೆಲ. ಊರಿನಲ್ಲಿ ಯೆಹೂದ್ಯರು ಎಂದೂ ಬಹು ಮಂದಿ ಇದ್ದವರಲ್ಲ, ಇಂದು ಬೆರಳೆಣಿಕೆಯಷ್ಟು. ಕುತೂಹಲದಿಂದ ನೋಡಹೋದವನು ಹೀಬ್ರೂ ಅಕ್ಷರಗಳ ಗೋರಿಕಲ್ಲುಗಳ ಮುಂದೆ ನಿಂತಾಗ, ಎಂದೋ ಓದಿದ್ದ ನಿಯಮವೊಂದು ನೆನಪಾಯಿತು.

ತಂದೆ ತಾಯಿ ತೀರಿಕೊಂಡರೆ ಮಗ ‘ಕದ್ದಿಶ್’ ಎಂಬ ಪ್ರಾರ್ಥನೆ ಹೇಳಬೇಕು. ಅದರಲ್ಲಿ ಸಾವಿನ ಮಾತೇ ಇಲ್ಲ. ಇರುವುದೆಲ್ಲ ದೇವರ ಮಹಿಮೆ. ಆದರೆ ಅದನ್ನು ಒಬ್ಬನೇ ಹೇಳುವಂತಿಲ್ಲ. ಹದಿಮೂರು ತುಂಬಿದ ಹತ್ತು ಮಂದಿ ಗಂಡಸರು ಕೂಡಬೇಕು. ಕೆಲವು ಪಂಗಡಗಳು ಈಗ ಹೆಂಗಸರನ್ನೂ ಎಣಿಸುತ್ತವೆ. ಮಗ ಹೇಳಿದ್ದಕ್ಕೆ ಉಳಿದವರು ‘ಆಮೆನ್’ ಎನ್ನಬೇಕು. ಒಂಬತ್ತು ಮಂದಿ ಮಹಾಪಂಡಿತರಿದ್ದರೂ ಸಾಲದು. ಹತ್ತನೆಯವನು ಓದುಬರಹ ಬಾರದವನಾದರೂ ಆದೀತು.

ದುಃಖ ನನ್ನದು, ದೇವರು ನನ್ನವನು. ನಡುವೆ ಈ ಲೆಕ್ಕವೇಕೆ? ಯೋಚಿಸಿದಂತೆ ಅದರ ಮರ್ಮ ಹೊಳೆಯಿತು. ದುಃಖಿ ಬಾಗಿಲು ಹಾಕಿಕೊಂಡು ಕೂರದಂತೆ ಅದು ಅವನನ್ನು ಹೊರಗೆ ಕರೆಯುತ್ತದೆ. ನೆರೆಯವನನ್ನು ‘ನೀನಿಲ್ಲದೆ ನಡೆಯದು’ ಎಂದು ಎಬ್ಬಿಸುತ್ತದೆ. ಹಾಗಾದರೆ ಹತ್ತು ಮಂದಿ ಸಿಕ್ಕದ ಊರಿನಲ್ಲಿ ಆ ಮಗನ ಗತಿಯೇನು? ನಿಯಮ ಕಠೋರವೆಂಬುದನ್ನು ಅಲ್ಲಗಳೆಯಲಾರೆ. ಆದರೆ ಬರಬಹುದಾಗಿದ್ದೂ ಬಾರದೆ ಹೋದವನಿಗೆ ಅದು ಇನ್ನೂ ಕಠೋರ.

ನಮ್ಮಲ್ಲೂ ‘ಹೊರಲು ನಾಲ್ಕು ಜನ ಬೇಕು’ ಎನ್ನುವುದುಂಟು. ಮಳವಳ್ಳಿ ಕಡೆಯ ನನ್ನ ಹಳ್ಳಿಯಲ್ಲಿ ಕಳೆದ ತಿಂಗಳು ನೆರೆಮನೆಯ ಹಿರಿಯರೊಬ್ಬರು ತೀರಿಕೊಂಡರು. ನನ್ನ ತಂದೆಗೆ ಹೆಗಲು ಕೊಟ್ಟಿದ್ದವರು. ಫೋನು ಬಂತು. ಉತ್ತರಪತ್ರಿಕೆಗಳ ರಾಶಿಯ ನೆವ ಹೇಳಿ, ಮನಸ್ಸಿನಲ್ಲೇ ಕೈಮುಗಿದು ಸುಮ್ಮನಾಗಿದ್ದೆ.

ಹಿಂದಿರುಗುವಾಗ ಕಿಸೆಯಲ್ಲಿ ಮಂಡ್ಯದ ಟಿಕೀಟು ಇತ್ತು. ವಡೆ ಮಾರುವವರ ಕೂಗಿನ ನಡುವೆ ರೈಲು ಮದ್ದೂರಿನಲ್ಲಿ ನಿಂತಿತು. ಇಳಿದು ಮಳವಳ್ಳಿಯ ಬಸ್ಸು ಹತ್ತಿದೆ. ಹೆಗಲು ಕೊಡುವ ಹೊತ್ತು ಮೀರಿತ್ತು. ಆ ಮನೆಯ ಜಗಲಿಯ ಮೇಲೆ ಕೂರುವ ಹೊತ್ತು ಇನ್ನೂ ಮೀರಿರಲಿಲ್ಲ.