ಎರಡನೆಯ ಬ್ಯಾಟರಿ ಯಾರದು?

ಕಾರಿನ ಡಿಕ್ಕಿಯಲ್ಲಿರುವ ಸ್ಟೆಪ್ನಿ ನಮ್ಮ ಹೊಣೆಯನ್ನು ಕಡಿಮೆ ಮಾಡುತ್ತದೆಯೋ, ಹೆಚ್ಚಿಸುತ್ತದೆಯೋ? ಕಡಿಮೆ ಮಾಡುತ್ತದೆ ಎಂದೇ ನಮ್ಮ ನಂಬಿಕೆ. ಪುಣೆಯಿಂದ ಹುಬ್ಬಳ್ಳಿಗೆ ಹೊರಡುವಾಗ ಅದು ಇದೆ ಎಂಬ ಧೈರ್ಯದಲ್ಲೇ ಹೊರಡುತ್ತೇವೆ. ಅದರಲ್ಲಿ ಗಾಳಿ ಇದೆಯೇ ಎಂದು ನೋಡುವವರು ಕಡಿಮೆ. ನಾನು ಈ ಪ್ರಶ್ನೆಯ ಬೆನ್ನು ಹತ್ತಿದ್ದು ನನ್ನ ಭಾನುವಾರದ ಹವ್ಯಾಸದಿಂದ, ಅಂದರೆ ರೇಡಿಯೋ ನಿಯಂತ್ರಿತ ಮಾದರಿ ವಿಮಾನಗಳಿಂದ.

ಮಾದರಿ ವಿಮಾನ ಎಂದರೆ ಆಟಿಕೆ ಅಂದುಕೊಳ್ಳಬೇಡಿ. ದೊಡ್ಡ ಮಾದರಿಗಳ ರೆಕ್ಕೆ ಮೂರು ಮೀಟರ್ ಅಗಲ, ಒಳಗೆ ಪೆಟ್ರೋಲ್ ಎಂಜಿನ್. ನಮ್ಮ 2021ರ ಡ್ರೋನ್ ನಿಯಮಗಳು ಮಾದರಿಗಳ ಒಟ್ಟು ತೂಕಕ್ಕೆ 25 ಕೆಜಿಯ ಮಿತಿ ಹಾಕಿವೆ. ಇಂಥ ವಿಮಾನದಲ್ಲಿ ರಿಸೀವರ್‌ಗೆ ವಿದ್ಯುತ್ ನಿಂತರೆ ಎಂಜಿನ್ ಓಡುತ್ತಲೇ ಇರಬಹುದು, ಆದರೆ ವಿಮಾನ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಅದರಲ್ಲಿ ಎರಡು ಬ್ಯಾಟರಿ, ಎರಡು ಸ್ವಿಚ್. ಒಂದು ಸತ್ತರೆ ಅದು ಇನ್ನೊಂದರ ವಿದ್ಯುತ್ತನ್ನು ಹೀರದಂತೆ ನಡುವೆ ಡಯೋಡ್. ಬೇರೆ ಬೇರೆ ದಿಕ್ಕಿಗೆ ಆಂಟೆನಾ ಚಾಚಿದ ಒಂದಕ್ಕಿಂತ ಹೆಚ್ಚು ರಿಸೀವರ್. ಬಾಲದ ಎಲಿವೇಟರಿನ ಎಡಭಾಗಕ್ಕೊಂದು ಸರ್ವೋ ಮೋಟಾರ್, ಬಲಭಾಗಕ್ಕೊಂದು.

ಈ ಏರ್ಪಾಡಿನ ಗುಣವೇ ಅದರ ಅಪಾಯವೂ ಹೌದು. ಒಂದು ಬ್ಯಾಟರಿ ಸತ್ತರೂ ವಿಮಾನ ಎಂದಿನಂತೆಯೇ ಹಾರುತ್ತದೆ. ಒಂದೇ ಇದ್ದಿದ್ದರೆ ಕೆಟ್ಟ ಕೂಡಲೇ ಗೊತ್ತಾಗುತ್ತಿತ್ತು. ಎರಡಿದ್ದಾಗ ಮೊದಲನೆಯದು ಸದ್ದಿಲ್ಲದೆ ಹೋಗುತ್ತದೆ. ಹಾರಿಸುವವನು ತನಗೆ ಎರಡರ ಭದ್ರತೆ ಇದೆ ಎಂದುಕೊಂಡು ಒಂದರ ಮೇಲೆ ಹಾರಿಸುತ್ತಿರುತ್ತಾನೆ. ಹಾಗಾಗಿ ಹಾರಿಸುವ ಮುನ್ನ ಒಂದು ಸ್ವಿಚ್ ಆರಿಸಿ, ಇನ್ನೊಂದರ ಮೇಲೇ ಎಲ್ಲ ಸರ್ವೋಗಳೂ ಆಡುತ್ತವೆಯೇ ಎಂದು ನೋಡಬೇಕು. ಆಮೇಲೆ ಅದಲುಬದಲು ಮಾಡಿ ನೋಡಬೇಕು. ಆಫೀಸಿನಲ್ಲೂ ಇದೇ ಕತೆ: ಡೇಟಾ ಬ್ಯಾಕಪ್ ಇದೆ ಎಂದು ವರದಿ ಬರುತ್ತದೆ, ಅದನ್ನು ಮರಳಿ ತಂದು ನೋಡಿದ್ದೀರಾ ಎಂದರೆ ಮೀಟಿಂಗಿನಲ್ಲಿ ಮೌನ.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಮೈದಾನದ ಸುರಕ್ಷತೆ ನನ್ನ ಪಾಳಿ. ಧಾರವಾಡದ ಹಿರಿಯ ಗೆಳೆಯರೊಬ್ಬರ ವಿಮಾನದಲ್ಲಿ ಒಂದು ಬ್ಯಾಟರಿಯ ದೀಪ ಕೆಂಪಾಗಿತ್ತು. ನೋಡಲು ಬಂದ ಮಕ್ಕಳು, ಅಪ್ಪ-ಅಮ್ಮಂದಿರು ಕಾಯುತ್ತಿದ್ದರು. “ಇನ್ನೊಂದು ಐತಲ್ಲೋ, ಒಂದ ರೌಂಡ್ ಹಾರಿಸಿ ಇಳಸ್ತೀನಿ” ಎಂದರು. “ಸರ್, ಇವತ್ತ ಬ್ಯಾಡ್ರಿ” ಎಂದೆ. ಅವರು ಪಕ್ಕದ ಹುಡುಗನ ಪುಟ್ಟ ವಿಮಾನ ತೋರಿಸಿದರು. “ಅದಕ್ಕ ಇರೋದ ಒಂದ ಬ್ಯಾಟರಿ. ಅದನ್ನ ಬಿಡ್ತೀ, ನನ್ನನ್ನ ಯಾಕ ತಡೀತೀ?”

ಇದು ಸುಮ್ಮನೆ ತಳ್ಳಿಹಾಕುವ ವಾದವಲ್ಲ. ಒಂದು ಬ್ಯಾಟರಿ ಅಲ್ಲಿ ಸಾಕಾದರೆ ಇಲ್ಲಿ ಯಾಕೆ ಸಾಲದು?

ಮೊದಲ ಉತ್ತರ ಲೆಕ್ಕದ್ದು. 2 ಕೆಜಿಯ ವಿಮಾನ ಸೆಕೆಂಡಿಗೆ 15 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ 225 ಜೂಲ್. 20 ಕೆಜಿಯದು 30 ಮೀಟರ್ ವೇಗದಲ್ಲಿದ್ದರೆ 9000 ಜೂಲ್, ಅಂದರೆ 40 ಪಟ್ಟು.

ಎರಡನೆಯ ಉತ್ತರ: ಬ್ಯಾಟರಿ ಇಲ್ಲದಿರುವುದೂ ಬ್ಯಾಟರಿ ಸತ್ತಿರುವುದೂ ಒಂದೇ ಅಲ್ಲ. ಸತ್ತದ್ದಕ್ಕೆ ಕಾರಣವಿರುತ್ತದೆ. ಎರಡನ್ನೂ ಒಟ್ಟಿಗೇ ಕೊಂಡು, ಒಂದೇ ಚಾರ್ಜರಿನಲ್ಲಿ ತುಂಬಿಸಿ, ಒಂದೇ ಎಂಜಿನ್ನಿನ ನಡುಕಕ್ಕೆ ಒಡ್ಡಿರುತ್ತೇವೆ. ಆ ಕಾರಣ ಎರಡನೆಯದಕ್ಕೂ ತಟ್ಟಿರಬಹುದು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಮೊದಲ ಸಲ ಹಾರಿದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ಚೂರಾಯಿತು. ಅದರ ಚಲನೆಯನ್ನು ಅಳೆಯಲು ಎರಡು ಕಂಪ್ಯೂಟರ್‌ಗಳಿದ್ದವು, ಎರಡರಲ್ಲೂ ಒಂದೇ ಸಾಫ್ಟ್‌ವೇರ್. 16 ಬಿಟ್ಟಿನ ಜಾಗದಲ್ಲಿ ಹಿಡಿಯದ ಒಂದು ಸಂಖ್ಯೆ ಬಂದಾಗ ಮೊದಲು ಬ್ಯಾಕಪ್ ನಿಂತಿತು, ಮರುಕ್ಷಣ ಅದೇ ತಪ್ಪಿನಿಂದ ಮುಖ್ಯ ಕಂಪ್ಯೂಟರೂ ನಿಂತಿತು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ವಿಮಾನದೊಳಗೆ ಯಾರೂ ಕೂತಿಲ್ಲ. ಅಪಾಯವಿರುವುದು ಹೊರಗೆ ನಿಂತವರಿಗೆ. ಅವರಿಗೆ ಡಯೋಡ್ ಗೊತ್ತಿಲ್ಲ, ಕೆಂಪು ದೀಪ ಕಾಣುವುದಿಲ್ಲ. ಬೇಕಾದದ್ದನ್ನೆಲ್ಲ ಮಾಡಿರುತ್ತಾರೆ ಎಂಬ ನಂಬಿಕೆಯಲ್ಲಿ ಮಕ್ಕಳ ಕೈ ಹಿಡಿದು ನಿಂತಿದ್ದಾರೆ. ಬ್ಯಾಟರಿಗೆ ಹಣ ಕೊಟ್ಟವರು ನನ್ನ ಗೆಳೆಯರೇ. ಆದರೂ ಎರಡನೆಯದು ಆ ಜನರ ಪಾಲಿನದು. ಹಾರುವಾಗ ಮೊದಲನೆಯದು ಸತ್ತರೆ ವಿಮಾನವನ್ನು ಇಳಿಸಿಕೊಳ್ಳಲು ಅದಿದೆಯೇ ಹೊರತು, ಸತ್ತಿದೆ ಎಂದು ತಿಳಿದ ಮೇಲೂ ಮತ್ತೆ ಏರಿಸಲು ಅಲ್ಲ.

ಇದು ಸ್ಪಷ್ಟವಾಗಿ ಕಾಣುವುದು ಫೇಲ್‌ಸೇಫ್‌ನಲ್ಲಿ. ರೇಡಿಯೋ ಸಂಪರ್ಕ ಕಡಿದರೆ ಏನಾಗಬೇಕೆಂದು ರಿಸೀವರ್‌ಗೆ ಮೊದಲೇ ಹೇಳಿಟ್ಟಿರುತ್ತೇವೆ: ಎಂಜಿನ್ ಕನಿಷ್ಠ ವೇಗಕ್ಕೆ ಇಳಿಯಲಿ, ಇಲ್ಲವೇ ನಿಲ್ಲಲಿ. ಆಗ ವಿಮಾನ ಬಿದ್ದು ಪುಡಿಯಾಗಬಹುದು. ಎರಡು ವರ್ಷ ರಾತ್ರಿಗಳನ್ನು ಕೊಟ್ಟು ಕಟ್ಟಿದ್ದು ಹೋದರೂ ಹೋಗಲಿ, ಅದು ಎಂಜಿನ್ನಿನ ಬಲದಲ್ಲಿ ಜನರಿದ್ದ ಕಡೆ ನುಗ್ಗದಿರಲಿ ಎಂಬ ತೀರ್ಮಾನ ಅದು. ಬೇರೆಲ್ಲ ಬ್ಯಾಕಪ್‌ಗಳು ನಮ್ಮ ವಸ್ತುವನ್ನೂ ಉಳಿಸುತ್ತವೆ, ಇತರರನ್ನೂ ಉಳಿಸುತ್ತವೆ. ಅಲ್ಲಿ ಸ್ವಾರ್ಥಕ್ಕೂ ಧರ್ಮಕ್ಕೂ ಜಗಳವಿಲ್ಲ. ಫೇಲ್‌ಸೇಫ್‌ನಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ.

ಗೆಳೆಯರು ಅಂದು ಹಾರಿಸಲಿಲ್ಲ. ಎರಡು ವಾರ ನನ್ನೊಡನೆ ಸರಿಯಾಗಿ ಮಾತೂ ಆಡಲಿಲ್ಲ. ಹಾರಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ತಡೆದದ್ದು ಸರಿ ಎಂಬುದಕ್ಕೆ ಪುರಾವೆ ಎಂದೂ ಸಿಗುವುದಿಲ್ಲ. ಪುರಾವೆ ಸಿಗುವುದು ತಡೆಯದೇ ಇದ್ದಾಗ ಮಾತ್ರ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲೂ ಇಂಥ ಎರಡನೆಯ ಬ್ಯಾಟರಿಗಳಿವೆ. ಇಬ್ಬರು ಮಕ್ಕಳಿದ್ದಾರಲ್ಲ ಎಂದು ಊರಿನವರು ತಾಯಿಗೆ ಧೈರ್ಯ ಹೇಳುತ್ತಾರೆ. ಹೈದರಾಬಾದಿನವನು ಪುಣೆಯವನು ಫೋನ್ ಮಾಡಿರುತ್ತಾನೆ ಎಂದುಕೊಳ್ಳುತ್ತಾನೆ, ಪುಣೆಯವನು ಹೈದರಾಬಾದಿನವನು ಮಾಡಿರುತ್ತಾನೆ ಎಂದುಕೊಳ್ಳುತ್ತಾನೆ. ಇಬ್ಬರಿದ್ದಾರೆ ಎಂಬ ಲೆಕ್ಕ ತಪ್ಪಲ್ಲ. ಆದರೆ ಆ ಇನ್ನೊಬ್ಬನಿರುವುದು ತಾಯಿಗಾಗಿ, ನಮ್ಮ ಬಿಡುವಿಗಾಗಿ ಅಲ್ಲ. ಅದಕ್ಕೇ ನಾನು, ನನ್ನ ಅಣ್ಣ ವಾರ ಹಂಚಿಕೊಂಡಿಲ್ಲ. ಇಬ್ಬರೂ ಒಬ್ಬನೇ ಮಗನೆಂಬಂತೆ ಫೋನ್ ಮಾಡುತ್ತೇವೆ. ಅಮ್ಮ ಹೇಳಿದ್ದನ್ನೇ ಎರಡು ಸಲ ಹೇಳಬೇಕಾಗುತ್ತದೆ ಎಂದು ಗೊಣಗುತ್ತಾಳೆ, ಆಮೇಲೆ ಎರಡನೆಯ ಸಲ ಇನ್ನಷ್ಟು ವಿವರವಾಗಿ ಹೇಳುತ್ತಾಳೆ.